ಬಾಟಲಿಯ ಕತ್ತಿನ ಖಾಲಿ ಜಾಗ

ಕೇಳುಗರಿಗೆ ನಮಸ್ಕಾರ.

ನಾನು ಮೊದಲ ಸಲ ಮನೆಯಲ್ಲಿ ವೈನ್ ಮಾಡಿದಾಗ ಕೆಲಸ ಕೆಡಿಸಿದ್ದು ನನ್ನ ಅವಸರ. ಗುಳ್ಳೆ ಏಳುವುದು ನಿಂತಿತೆಂದು ಮೂರನೆಯ ವಾರಕ್ಕೇ ಬಾಟಲಿಗಳಿಗೆ ತುಂಬಿ, ಬಿರಡೆ ಜಡಿದು, ಬಟ್ಟೆಯ ಕಪಾಟಿನ ಮೂಲೆಯಲ್ಲಿಟ್ಟೆ. ಕತ್ತಲಿರಲಿ ಎಂಬ ಜಾಣತನ ಬೇರೆ. ಒಂದು ನಡುರಾತ್ರಿ ಕಪಾಟಿನೊಳಗೆ ಪಟಾಕಿ ಸಿಡಿದಂಥ ಸದ್ದು. ಬಾಗಿಲು ತೆರೆದರೆ ಬಿರಡೆ ಎಲ್ಲಿಗೋ ಹಾರಿತ್ತು, ಮಡಿಸಿಟ್ಟ ಬಿಳಿ ಬಟ್ಟೆಗಳೆಲ್ಲ ನೇರಳೆ. ಬಿರಡೆ ಸಡಿಲವಾಗಿದ್ದುದು ನನ್ನ ಪುಣ್ಯ. ಬಿಗಿಯಾಗಿದ್ದರೆ ಗಾಜೇ ಚೂರಾಗುತ್ತಿತ್ತು.

ಗುಳ್ಳೆ ನಿಂತ ಮಾತ್ರಕ್ಕೆ ಹುದುಗು ಮುಗಿಯಿತೆಂದಲ್ಲ. ಚಳಿಗೆ ಯೀಸ್ಟ್ ಸುಮ್ಮನೆ ಮುದುಡಿ ಮಲಗಿರುತ್ತದೆ. ಬೆಚ್ಚಗಾದೊಡನೆ ಎದ್ದು ಉಳಿದ ಸಕ್ಕರೆಗೆ ಬಾಯಿ ಹಾಕುತ್ತದೆ. ಕಣ್ಣನ್ನು ನಂಬಬೇಡಿ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿ ನೋಡಿ. ಸಿಹಿಯಿಲ್ಲದ ವೈನಾದರೆ ಅಂಕಿ 1.000ಕ್ಕಿಂತ ಕೆಳಗೆ, ಸಾಮಾನ್ಯವಾಗಿ 0.990ರಿಂದ 0.996ರ ನಡುವೆ ಇಳಿದಿರಬೇಕು; ನಾಲ್ಕೈದು ದಿನ ಬಿಟ್ಟು ನೋಡಿದಾಗಲೂ ಅಲ್ಲೇ ನಿಂತಿರಬೇಕು.

ಆಗಲೂ ಬಾಟಲಿಯ ಗೊಡವೆ ಬೇಡ. ತಳದ ಮಡ್ಡಿಯನ್ನು ಕದಡದೆ, ಕೊಳವೆಯಿಂದ ತಿಳಿಯನ್ನು ಮಾತ್ರ ಇನ್ನೊಂದು ಗಾಜಿನ ಜಾಡಿಗೆ ಇಳಿಸಿ. ಕೊಳವೆಯ ತುದಿ ಹೊಸ ಜಾಡಿಯ ತಳ ಮುಟ್ಟುವಂತಿರಲಿ, ಧಾರೆ ಮೇಲಿನಿಂದ ಧುಮುಕಬಾರದು. ಸತ್ತ ಯೀಸ್ಟಿನ ದಪ್ಪ ಮಡ್ಡಿಯ ಮೇಲೆ ತಿಂಗಳುಗಟ್ಟಲೆ ಕೂತ ವೈನಿಗೆ ಕೊಳೆತ ವಾಸನೆ ಹತ್ತುವುದುಂಟು. ಎರಡು ಮೂರು ತಿಂಗಳಿಗೊಮ್ಮೆ ನೋಡಿ, ಮತ್ತೆ ಮಡ್ಡಿ ಕೂತಿದ್ದರೆ ಮತ್ತೆ ಇಳಿಸಿ.

ಪ್ರತಿ ಸಲ ಇಳಿಸಿದಾಗಲೂ ವೈನ್ ಸ್ವಲ್ಪ ಕಡಿಮೆಯಾಗುತ್ತದೆ, ಜಾಡಿಯ ಕತ್ತಿನಲ್ಲಿ ಖಾಲಿ ಜಾಗ ಹೆಚ್ಚುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ. 1860ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ ವೈನನ್ನು ಗಾಜಿನ ಕೊಳವೆಗಳಲ್ಲಿ ಮುಚ್ಚಿಟ್ಟು ಪರೀಕ್ಷಿಸಿದರು. ತುಂಬಿದ ಕೊಳವೆಯ ವೈನ್ ಹಾಗೆಯೇ ಉಳಿಯಿತು; ಅರ್ಧ ತುಂಬಿ ಉಳಿದರ್ಧ ಗಾಳಿಯಿದ್ದ ಕೊಳವೆಯದು ಬಣ್ಣಗೆಟ್ಟು ಮಡ್ಡಿ ಬಿಟ್ಟಿತು. ವೈನನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೂ ಬೇಕಾದುದು ಅದೇ ಗಾಳಿ. ಆದ್ದರಿಂದ ಜಾಡಿಯನ್ನು ಕತ್ತಿನವರೆಗೆ ತುಂಬಿ. ಸೇರಿಸಲು ಅದೇ ಬಗೆಯ ವೈನ್ ಇಲ್ಲದಿದ್ದರೆ, ಚೆನ್ನಾಗಿ ಶುದ್ಧ ಮಾಡಿದ ಗಾಜಿನ ಗೋಲಿಗಳನ್ನು ಒಂದೊಂದಾಗಿ ಮೆಲ್ಲಗೆ ಒಳಗೆ ಬಿಡಿ. ಮಟ್ಟ ತಾನೇ ಏರುತ್ತದೆ. ಗೋಲಿ ತಳ ಸೇರುವ ಟಿಕ್ ಟಿಕ್ ಸದ್ದು ಕೇಳುತ್ತ ಕೂರುವುದು, ಹೇಳಬೇಕೆಂದರೆ, ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ.

ಬಾಟಲಿಗೆ ತುಂಬಿದ ಮೇಲೆ ಮೂರರಿಂದ ಐದು ದಿನ ನೆಟ್ಟಗೆ ನಿಲ್ಲಿಸಿಡಿ, ಬಿರಡೆ ಕೂತುಕೊಳ್ಳಲಿ. ಆಮೇಲೆ ಮಲಗಿಸಿ. ಬಿರಡೆ ಒಣಗಿದರೆ ಕುಗ್ಗುತ್ತದೆ, ಕುಗ್ಗಿದರೆ ಗಾಳಿಗೆ ದಾರಿ. ತಿರುಪು ಮುಚ್ಚಳದ ಬಾಟಲಿಗಾದರೆ ಈ ಉಪಚಾರ ಬೇಕಿಲ್ಲ. ತಾಪಮಾನ 12ರಿಂದ 15 ಡಿಗ್ರಿ ಸೆಲ್ಸಿಯಸ್ ಇದ್ದರೆ ಉತ್ತಮ, ಅಷ್ಟು ತಂಪು ಸಿಗದಿದ್ದರೆ ಏರಿಳಿತವಿಲ್ಲದ ಜಾಗವಾದರೂ ಸಿಗಲಿ. ಹಗಲು ಕಾದು ರಾತ್ರಿ ತಣಿಯುವ ಕಡೆ ವೈನ್ ಹಿಗ್ಗಿ ಕುಗ್ಗಿ ಬಿರಡೆಯ ಅಂಚಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಒಲೆಯ ಪಕ್ಕದ ಶೆಲ್ಫು ನೋಡಲು ಚಂದ, ವೈನಿಗೆ ಕಂಟಕ.

ಎಷ್ಟು ಕಾಲ ಇಡಬೇಕು? ಹಳೆಯದಾದಷ್ಟೂ ರುಚಿ ಎಂಬುದು ಎಲ್ಲ ವೈನಿಗೂ ಹೊಂದುವ ಮಾತಲ್ಲ. ಹಗುರಾದ ಹಣ್ಣಿನ ವೈನುಗಳನ್ನು ಒಂದೆರಡು ವರ್ಷದೊಳಗೆ ಕುಡಿದು ಮುಗಿಸುವುದೇ ಮೇಲು. ಸಿಪ್ಪೆಯೊಂದಿಗೆ ಹುದುಗಿಸಿದ ಕೆಂಪು ದ್ರಾಕ್ಷಿಯ ವೈನಿನಲ್ಲಿ ಒಗರು ಕೊಡುವ ಟ್ಯಾನಿನ್ ಹೆಚ್ಚು. ಆ ಕಣಗಳು ಒಂದಕ್ಕೊಂದು ಕೂಡಿಕೊಂಡು, ತೂಕ ಹೆಚ್ಚಿ, ತಳಕ್ಕಿಳಿಯುತ್ತವೆ; ನಾಲಿಗೆ ಹಿಡಿಯುವ ಒಗರು ಮೆತ್ತಗಾಗುತ್ತದೆ, ನೇರಳೆ ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಅದು ಕಾಯಲು ಯೋಗ್ಯ.

ಆ ರಾತ್ರಿ ಸಿಡಿಯದೆ ಉಳಿದ ಬಾಟಲಿಗಳನ್ನು ಮತ್ತೆ ಜಾಡಿಗೆ ಸುರಿದು ಹುದುಗು ಮುಗಿಯಲು ಬಿಟ್ಟಿದ್ದೆ. ಹನ್ನೊಂದು ತಿಂಗಳ ಮೇಲೆ ಮೊದಲ ಗುಟುಕು ಕುಡಿದಾಗ ಅದೇ ವೈನೇ ಎಂದು ಅನುಮಾನವಾಯಿತು. ಕೊನೆಯ ಬಾಟಲಿ ಇನ್ನೂ ಅದೇ ಕಪಾಟಿನಲ್ಲಿ ಮಲಗಿದೆ. ಬಟ್ಟೆಗಳನ್ನು ಮಾತ್ರ ಬೇರೆ ಕಡೆ ಇಟ್ಟಿದ್ದೇನೆ.

ನಮಸ್ಕಾರ.