ನಮ್ಮ ನಾಲ್ಕು ಕ್ಲಸ್ಟರ್‌ಗೆ ಒಬ್ಬ ನೀರುಗಂಟಿ | ಮಂಡ್ಯದಿಂದ ರ‍್ಯಾಂಚರ್ ಸೆಟಪ್

ಬೆಳಿಗ್ಗೆ ಆರೂವರೆ. ಈ ಕಾಣುತ್ತಿರುವುದು ವಿ.ಸಿ. ನಾಲೆಯಿಂದ ನಮ್ಮೂರಿಗೆ ಬರುವ ಕಾಲುವೆ. ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತಿದ್ದಾರಲ್ಲ, ಅವರು ನಮ್ಮೂರ ನೀರುಗಂಟಿ ತಾತ. ಕೈ ನೋಡಿ. ಒಂದು ಕಡೆ ಎರಡು ಗುದ್ದಲಿ ಮಣ್ಣು ತೆಗೆದರು, ಅದೇ ಮಣ್ಣನ್ನು ಇನ್ನೊಂದು ಕಡೆ ಹಾಕಿ ಕಾಲಿಂದ ತುಳಿದರು. ನೀರು ಕಬ್ಬಿನ ಗದ್ದೆ ಬಿಟ್ಟು ಭತ್ತದ ಗದ್ದೆಗೆ ತಿರುಗಿತು.

"ತಾತ, ನೀವು ಎರಡು ದಿನ ಬರದಿದ್ದರೆ ಏನಾಗುತ್ತೆ?" ಅಂತ ಕೇಳಿದೆ.

"ಏನೂ ಆಗಾಕಿಲ್ಲ ಕಣ್ ಮಗಾ. ಪೈರು ಅದ್ರ ಪಾಡಿಗೆ ನಿಂತಿರ್ತದೆ. ಯಾರ ಗದ್ದೆಗೆ ಎಷ್ಟು ಅಂತ ಹೇಳೋರು ಇರಾಕಿಲ್ಲ, ಅಷ್ಟೇಯ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ಸಂಜೆ ಇದನ್ನೇ ಪರೀಕ್ಷೆ ಮಾಡುತ್ತೇವೆ.

ಮನೆಗೆ ಬಂದೆ. ಕಾಫಿ ಆಯ್ತು. ಇದು ನನ್ನ ಮೇಜು. ನಾನು ನೋಡಿಕೊಳ್ಳುವುದು ನಾಲ್ಕು ಕುಬರ್ನೆಟಿಸ್ ಕ್ಲಸ್ಟರ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಯಂತ್ರಗಳ ನಾಲ್ಕು ಗುಂಪು. ಎರಡು ಕ್ಲೌಡ್‌ನಲ್ಲಿವೆ, ಇನ್ನೆರಡು ಮೈಸೂರಿನ ಒಂದು ಕಾರ್ಖಾನೆಯೊಳಗೆ. ಕಂಟೇನರ್ ಅಂದರೆ ಒಂದು ಅಪ್ಲಿಕೇಶನ್ನು, ಅದಕ್ಕೆ ಬೇಕಾದ ಸಾಮಾನನ್ನು ಒಟ್ಟಿಗೆ ಕಟ್ಟಿದ ಗಂಟು. ಅಂಥ ಗಂಟುಗಳನ್ನು ಯಾವ ಯಂತ್ರದ ಮೇಲೆ ಓಡಿಸಬೇಕು, ಒಂದು ಬಿದ್ದರೆ ಹೇಗೆ ಎಬ್ಬಿಸಬೇಕು ಅಂತ ನೋಡುವುದು ಕುಬರ್ನೆಟಿಸ್. 2014ರಲ್ಲಿ ಗೂಗಲ್ ಇದನ್ನು ಓಪನ್ ಸೋರ್ಸ್ ಮಾಡಿತು. ಕ್ಲಸ್ಟರ್ ಒಂದೇ ಇದ್ದರೆ ತೊಂದರೆ ಇಲ್ಲ. ನಾಲ್ಕಾದಾಗ ಯಾರಿಗೆ ಎಲ್ಲಿ ಅನುಮತಿ ಇದೆ, ಎಲ್ಲಿ ಯಾವ ಆವೃತ್ತಿ ಓಡುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಎಲ್ಲವನ್ನೂ ಒಂದೇ ಪರದೆಯಲ್ಲಿ ನೋಡಲು ನಾನು ಬಳಸುವುದು ರ‍್ಯಾಂಚರ್. ಅದೂ ಓಪನ್ ಸೋರ್ಸ್. ಹೆಸರಿನ ಅರ್ಥ ದನ ಸಾಕುವವನು ಅಂತ. ಅದು ಕೂರುವ ನೇಮ್‌ಸ್ಪೇಸ್‌ನ, ಅಂದರೆ ಕ್ಲಸ್ಟರ್‌ನೊಳಗಿನ ಅದರ ಕೋಣೆಯ, ಹೆಸರೂ ಕ್ಯಾಟಲ್-ಸಿಸ್ಟಮ್!

ಹೋದ ವರ್ಷ ಇದನ್ನು ಒಂದೇ ಸಣ್ಣ ಯಂತ್ರದಲ್ಲಿ, ಕಂಟೇನರ್ ಓಡಿಸುವ ಡಾಕರ್ ಅನ್ನುವ ಸಾಧನದ ಒಂದೇ ಕಮಾಂಡ್‌ನಲ್ಲಿ ಹಾಕಿದ್ದೆ. ಆ ವಿಧಾನ ಇರುವುದು ಪರೀಕ್ಷೆ ಮಾಡಿ ನೋಡುವುದಕ್ಕೆ ಮಾತ್ರ. ಮೇಲಾಗಿ, ಸರ್ವರ್ ವಿಳಾಸ ಕೇಳಿದಾಗ ಡೊಮೇನ್ ಹೆಸರು ಕೊಡದೆ ಐಪಿ, ಅಂದರೆ ಯಂತ್ರದ ಅಂಕಿಗಳ ವಿಳಾಸ, ಕೊಟ್ಟುಬಿಟ್ಟೆ. ಒಂದು ಶನಿವಾರ ಯಂತ್ರ ನಿಲ್ಲಿಸಿದೆ, ಸೋಮವಾರ ಶುರು ಮಾಡಿದೆ. ಐಪಿ ಬದಲಾಗಿತ್ತು. ನಾಲ್ಕೂ ಕ್ಲಸ್ಟರ್‌ಗಳೊಳಗೆ ಕೂತು ರ‍್ಯಾಂಚರ್ ಜೊತೆ ಮಾತಾಡುವ ಏಜೆಂಟ್ ಪ್ರೋಗ್ರಾಂಗಳು ಹಳೇ ಮನೆಯ ಬಾಗಿಲು ತಟ್ಟುತ್ತಾ ಕೂತಿದ್ದವು. ಪರದೆಯಲ್ಲಿ ಒಂದೂ ಕಾಣಲಿಲ್ಲ. ಕೈಕಾಲು ತಣ್ಣಗಾಯಿತು. ಕಾರ್ಖಾನೆಗೆ ಫೋನ್ ಮಾಡಿದರೆ, "ಇಲ್ಲಿ ಎಲ್ಲಾ ಓಡ್ತಿದೆಯಲ್ಲಾ" ಅಂದರು.

ಅದಕ್ಕೇ ಈ ಸಲ ಬುಡದಿಂದ ಸರಿಯಾಗಿ ಕಟ್ಟುತ್ತಿದ್ದೇನೆ.

ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನ ಮುಂಬೈ ರೀಜನ್ ಆರಿಸಿಕೊಂಡೆ. 2022ರಿಂದ ಹೈದರಾಬಾದಿನಲ್ಲೂ ಒಂದಿದೆ, ಆದರೆ ನಮ್ಮ ಉಳಿದ ಕೆಲಸ ಮುಂಬೈಯಲ್ಲೇ ಇದೆ. ಮೂರು ಯಂತ್ರ, ಒಂದೊಂದಕ್ಕೂ 4 ಕೋರ್, 16 ಜಿಬಿ ಮೆಮೊರಿ. ಮೂರೂ ಬೇರೆ ಬೇರೆ ಝೋನ್‌ನಲ್ಲಿ, ಅಂದರೆ ಬೇರೆ ಬೇರೆ ಡೇಟಾ ಸೆಂಟರ್‌ನಲ್ಲಿ. ಖರ್ಚು ಜಾಸ್ತಿ ಅಲ್ವಾ, ಎರಡು ಸಾಲದಾ ಅಂತ ನನ್ನ ಜೊತೆಗಾರರು ಕೇಳಿದರು. ಸಾಲದು. ಕುಬರ್ನೆಟಿಸ್ ತನ್ನ ಲೆಕ್ಕವನ್ನೆಲ್ಲ ಇಡುವ ಎಟ್‌ಸಿಡಿ ಡೇಟಾಬೇಸ್ ಬಹುಮತದ ಮೇಲೆ ನಡೆಯುತ್ತದೆ. ಮೂರರಲ್ಲಿ ಒಂದು ಬಿದ್ದರೆ ಉಳಿದ ಎರಡು ಬಹುಮತ. ಎರಡೇ ಇಟ್ಟು ಒಂದು ಬಿದ್ದರೆ, ಉಳಿದ ಒಂದಕ್ಕೆ ಬಹುಮತವೇ ಇಲ್ಲ. ಎರಡನೆಯದಕ್ಕೆ ಕೊಟ್ಟ ದುಡ್ಡು ದಂಡ.

ಈ ಮೂರರ ಮೇಲೆ ಕೆ3ಎಸ್ ಹಾಕುತ್ತೇನೆ. ಅದು ಹಗುರವಾದ ಕುಬರ್ನೆಟಿಸ್, ಇದಕ್ಕೆ ಅದೇ ಸಾಕು. ಆದರೆ ಇಲ್ಲಿ ವಿಡಿಯೊ ನಿಧಾನ ಮಾಡುತ್ತೇನೆ, ಗಮನವಿಟ್ಟು ನೋಡಿ. ಸುಮ್ನೆ ಇನ್‌ಸ್ಟಾಲ್ ಕಮಾಂಡ್ ಕೊಟ್ಟರೆ ಅದು ತನಗೆ ತೋಚಿದ ಹೊಸ ಆವೃತ್ತಿ ತಂದು ಹಾಕುತ್ತದೆ. ರ‍್ಯಾಂಚರ್‌ನ ಒಂದೊಂದು ಆವೃತ್ತಿಯೂ ಇಂತಿಷ್ಟೇ ಕುಬರ್ನೆಟಿಸ್ ಆವೃತ್ತಿಗಳ ಜೊತೆ ಕೆಲಸ ಮಾಡುತ್ತದೆ. ಕುಬರ್ನೆಟಿಸ್ ಮೇಲೆ ಅಪ್ಲಿಕೇಶನ್ ಹಾಕುವ ಸಾಧನ ಹೆಲ್ಮ್. ಮೊದಲ ಸಲ ಅದರ ಕಮಾಂಡ್ ಕೊಟ್ಟಾಗ ಬಂದದ್ದು ಈ ಸಾಲು: ಈ ಚಾರ್ಟ್‌ಗೆ (ಅದು ಹಾಕುವ ಪ್ಯಾಕೇಜ್‌ಗೆ) ಬೇಕಾದ ಆವೃತ್ತಿ ಇದಲ್ಲ, ಹೊಂದುವುದಿಲ್ಲ ಅಂತ. ಮೂರೂ ಯಂತ್ರ ಒರೆಸಿ, ಆವೃತ್ತಿಯ ಸಂಖ್ಯೆಯನ್ನು ಕಮಾಂಡ್‌ನಲ್ಲೇ ಬರೆದು ಮತ್ತೆ ಶುರು ಮಾಡಿದೆ. ಹೊಂದಾಣಿಕೆಯ ಪಟ್ಟಿಯನ್ನು ಮೊದಲು ನೋಡಿ, ಆಮೇಲೆ ಕೀಬೋರ್ಡ್ ಮುಟ್ಟಿ.

ಮುಂದೆ, ಬರುವ ಕೋರಿಕೆಗಳನ್ನು ಮೂರೂ ಯಂತ್ರಕ್ಕೆ ಹಂಚುವ ಒಂದು ಲೋಡ್ ಬ್ಯಾಲೆನ್ಸರ್, ಅದಕ್ಕೆ ಒಂದು ಡೊಮೇನ್ ಹೆಸರು. ಇನ್ನು ಯಂತ್ರ ಬದಲಾದರೂ ಹೆಸರು ಬದಲಾಗುವುದಿಲ್ಲ. ಹೊರಜಗತ್ತಿಗೆ ತೆರೆದದ್ದು ವೆಬ್‌ನ ಬಾಗಿಲುಗಳಾದ 80 ಮತ್ತು 443 ಪೋರ್ಟ್ ಮಾತ್ರ. ಕುಬರ್ನೆಟಿಸ್‌ಗೆ ಆದೇಶ ಕೊಡುವ 6443 ಪೋರ್ಟ್ ಆ ಮೂರು ಯಂತ್ರಗಳಿಗೆ ಮತ್ತು ನನ್ನ ಮನೆಯ ವಿಳಾಸಕ್ಕೆ ಬಿಟ್ಟರೆ ಯಾರಿಗೂ ಇಲ್ಲ. 80 ಯಾಕೆ ಬೇಕು ಅಂದರೆ, ವೆಬ್‌ಸೈಟ್‌ಗಳಿಗೆ ಉಚಿತವಾಗಿ ಭದ್ರತಾ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ, ಈ ಹೆಸರು ನಮ್ಮದೇನಾ ಅಂತ ಆ ಬಾಗಿಲಲ್ಲೇ ಬಂದು ನೋಡುವುದು. 90 ದಿನದ ಸರ್ಟಿಫಿಕೇಟ್ ಸಿಗುತ್ತದೆ. ಅವಧಿ ಮುಗಿಯುವ ಮೊದಲೇ ಅದನ್ನು ಹೊಸದು ಮಾಡುವ ಜವಾಬ್ದಾರಿ ಸರ್ಟ್-ಮ್ಯಾನೇಜರ್ ಅನ್ನುವ ಪ್ರೋಗ್ರಾಂನದು.

ಈಗ ರ‍್ಯಾಂಚರ್. ಕಮಾಂಡ್ ಕೊಟ್ಟೆ. ಮೂರು ಪಾಡ್ (ಕಂಟೇನರ್ ಓಡುವ ಗೂಡು), ಮೂರಕ್ಕೂ 'ಸೊನ್ನೆ ಬಾರ್ ಒಂದು', ಅಂದರೆ ಇನ್ನೂ ಸಿದ್ಧವಿಲ್ಲ. ಹೊರಗೆ ಟ್ರ್ಯಾಕ್ಟರ್ ಕಬ್ಬು ತುಂಬಿಕೊಂಡು ಹೋಗುವ ಸದ್ದು ಕೇಳುತ್ತಿದೆ ಅಲ್ವಾ? ಕತ್ತರಿಸಲಿಲ್ಲ, ಹಾಗೇ ಬಿಟ್ಟಿದ್ದೇನೆ. ಒಂದು ಪಾಡ್ 'ಒಂದು ಬಾರ್ ಒಂದು' ಆಯಿತು. ಇನ್ನೊಂದು. ಮೂರನೆಯದು. ಬ್ರೌಸರ್ ತೆರೆದರೆ ಲಾಗಿನ್ ಪುಟ.

ಮಧ್ಯಾಹ್ನ ಊಟ ಮುಗಿಸಿ ನಾಲ್ಕೂ ಕ್ಲಸ್ಟರ್ ಸೇರಿಸಿದೆ. ಇದರಲ್ಲಿ ನನಗೆ ತುಂಬಾ ಹಿಡಿಸುವ ವಿಷಯ ಒಂದಿದೆ. ರ‍್ಯಾಂಚರ್ ಕಾರ್ಖಾನೆಯೊಳಗೆ ಹೋಗುವುದಿಲ್ಲ. ಅಲ್ಲಿನ ಏಜೆಂಟೇ ಹೊರಗೆ ಬಂದು 443ರಲ್ಲಿ ರ‍್ಯಾಂಚರ್‌ನ ಕೈ ಹಿಡಿಯುತ್ತದೆ. ಹಾಗಾಗಿ ಅವರ ಫೈರ್‌ವಾಲ್‌ನಲ್ಲಿ ಒಳಗೆ ಬರುವ ಒಂದು ಪೋರ್ಟನ್ನೂ ತೆರೆಯಬೇಕಾಗಿಲ್ಲ. ಅಲ್ಲಿನ ಐಟಿ ಮೇಡಂ ಮೊದಲು ಕೇಳಿದ್ದೇ ಅದನ್ನು.

ಬ್ಯಾಕಪ್ ವಿಷಯ. ಕೆ3ಎಸ್ ತಾನಾಗಿಯೇ 12 ಗಂಟೆಗೊಮ್ಮೆ ಎಟ್‌ಸಿಡಿಯ ಪ್ರತಿ ತೆಗೆದು, ಕೊನೆಯ ಐದನ್ನು ಉಳಿಸಿಕೊಳ್ಳುತ್ತದೆ. ಆದರೆ ಉಳಿಸುವುದು ಅದೇ ಯಂತ್ರದ ಡಿಸ್ಕ್‌ನಲ್ಲಿ. ಮನೆಗೆ ಬೆಂಕಿ ಬಿದ್ದರೆ ಪತ್ರಗಳೂ ಅದರ ಜೊತೆಗೇ ಹೋಗುತ್ತವೆ. ಅದಕ್ಕೆ ಎಡಬ್ಲ್ಯುಎಸ್‌ನ ಫೈಲ್ ಉಗ್ರಾಣವಾದ ಎಸ್3 ಬಕೆಟ್‌ಗೆ ಕಳಿಸುವ ಹಾಗೆ ಮಾಡಿದೆ.

ಸಂಜೆ ಏಳು. ಎಲ್ಲರಿಗೂ ಮೊದಲೇ ಹೇಳಿಟ್ಟಿದ್ದೇನೆ. ಒಂದು ಯಂತ್ರ ನಿಲ್ಲಿಸಿದೆ. ಪುಟ ಸ್ವಲ್ಪ ತಡವರಿಸಿತು, ಮತ್ತೆ ಬಂತು. ಈಗ ಮೂರನ್ನೂ ನಿಲ್ಲಿಸುತ್ತೇನೆ. ರ‍್ಯಾಂಚರ್ ಪುಟ ಹೋಯಿತು. ಈ ಕಡೆ ಫೋನ್ ನೋಡಿ. ಕ್ಲೌಡ್‌ನಲ್ಲಿರುವ ನಮ್ಮ ಅಪ್ಲಿಕೇಶನ್ ಮಾಮೂಲಿನಂತೆ ತೆರೆಯಿತು. ಆರ್ಡರ್ ಹಾಕಿದೆ, ಹೋಯಿತು. ಪ್ರತಿ ಕ್ಲಸ್ಟರ್‌ಗೂ ತನ್ನದೇ ಕುಬರ್ನೆಟಿಸ್ ಇದೆ, ಅದು ತನ್ನ ಕೆಲಸ ಮಾಡುತ್ತಲೇ ಇದೆ. ಪೈರು ಅದರ ಪಾಡಿಗೆ ನಿಂತಿದೆ.

ಹತ್ತು ನಿಮಿಷ ಹಾಗೇ ಬಿಟ್ಟೆ. ಆಮೇಲೆ ಮೂರೂ ಯಂತ್ರ ಶುರು ಮಾಡಿದೆ. ಪುಟ ಬಂತು. ಒಂದು ಹಸಿರು, ಎರಡು ಹಸಿರು. ಕಾರ್ಖಾನೆಯ ಎರಡು ಸ್ವಲ್ಪ ಕಾಯಿಸಿದವು, ಅವೂ ಬಂದವು. ನಾನು ಏನನ್ನೂ ಮುಟ್ಟಲಿಲ್ಲ.