ಸೇತುವೆಗೆ ಕಿವಿ ಹಚ್ಚಿ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಮುಂದಿನ ಕುರ್ಚಿಯ ಕಬ್ಬಿಣದ ಚೌಕಟ್ಟನ್ನು ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಟಕ್ ಅಂತ ಸದ್ದು ಬಂತು, ನಿಂತೂ ಹೋಯಿತು. ಈಗ ಅದೇ ಚೌಕಟ್ಟಿಗೆ ಕಿವಿ ಒತ್ತಿ ಇನ್ನೊಮ್ಮೆ ತಟ್ಟಿ. ಈ ಸಲ ಸದ್ದು ದಪ್ಪಗೆ ಬಂತು, ಜಾಸ್ತಿ ಹೊತ್ತು ಉಳಿಯಿತು, ಅಲ್ವಾ? ಕುರ್ಚಿ ಅದೇ. ನೀವು ಕೇಳುವ ಜಾಗ ಬದಲಾಯಿತು, ಅಷ್ಟೇ.

ಸೇತುವೆ, ಗೋಪುರಗಳ ಸದ್ದಿನಿಂದ ಸಂಗೀತ ಕಟ್ಟುವವರೂ ಮೊದಲು ಮಾಡುವುದು ಇದನ್ನೇ. ಅವರ ಮುಖ್ಯ ಸಾಧನ ಕಾಂಟ್ಯಾಕ್ಟ್ ಮೈಕ್. ನಾಣ್ಯದಂಥ ಒಂದು ತೆಳು ಪಿಯೆಜೊ ಬಿಲ್ಲೆ, ಅಂದರೆ ಅದುರಿದರೆ ವಿದ್ಯುತ್ ಹೊಮ್ಮಿಸುವ ಬಿಲ್ಲೆ, ಅದಕ್ಕೊಂದು ವೈರು. ಸಾಮಾನ್ಯ ಮೈಕ್ ಗಾಳಿಯಲ್ಲಿ ಬಂದ ಸದ್ದನ್ನು ಹಿಡಿಯುತ್ತದೆ. ಇದು ಲೋಹದ ಮೈಯಲ್ಲೇ ಓಡಾಡುವ ಕಂಪನವನ್ನು ಹಿಡಿಯುತ್ತದೆ.

ನಾನು ಮೊದಲ ಸಲ ಒಂದು ಉಕ್ಕಿನ ಸೇತುವೆಗೆ ಇದನ್ನು ಅಂಟಿಸಿದಾಗ ಟೇಪ್ ಸರಿಯಾಗಿ ಕಚ್ಚಿಕೊಂಡಿರಲಿಲ್ಲ. ಇಡೀ ಮಧ್ಯಾಹ್ನದ ರೆಕಾರ್ಡಿಂಗ್‌ನಲ್ಲಿ ಗಾಳಿಗೆ ಟೇಪ್ ಪಟಪಟ ಹೊಡೆದುಕೊಂಡ ಸದ್ದೇ ತುಂಬಿತ್ತು. ಮರುದಿನ ಧೂಳು ಒರೆಸಿ, ಬಿಲ್ಲೆಯನ್ನು ಗಟ್ಟಿಯಾಗಿ ಕೂರಿಸಿದೆ. ಆಚೆ ತುದಿಯಲ್ಲಿ ಒಂದು ಲಾರಿ ಸೇತುವೆ ಹತ್ತಿತು. ಬರಿಗಿವಿಗೆ ಏನೂ ಕೇಳಿಸುತ್ತಿರಲಿಲ್ಲ. ಆದರೆ ಹೆಡ್‌ಫೋನಿನಲ್ಲಿ ಒಂದು ದಪ್ಪ ಸ್ವರ ಎದ್ದು, ಅದರ ಮೇಲೆ ಸಣ್ಣ ಸಣ್ಣ ಸ್ವರಗಳು ಒಂದೊಂದಾಗಿ ಸೇರಿಕೊಂಡವು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಉಕ್ಕಿನಲ್ಲಿ ಸುಮಾರು 5,000 ಮೀಟರ್. ಪುಸ್ತಕದಲ್ಲಿ ಓದಿದ್ದ ಈ ಲೆಕ್ಕ ನನಗೆ ನಿಜವಾಗಿ ಅರ್ಥವಾಗಿದ್ದು ಅವತ್ತು.

ಈ ಕೆಲಸವನ್ನು ತುಂಬಾ ದೂರ ಕೊಂಡೊಯ್ದವರು ಅಮೆರಿಕದ ಸಂಗೀತ ಸಂಯೋಜಕ ಜೋಸೆಫ್ ಬರ್ಟೊಲೊಝಿ. ಅವರು ಗಾಂಗ್, ಅಂದರೆ ಜಾಗಟೆಯಂಥ ದೊಡ್ಡ ಲೋಹದ ವಾದ್ಯ, ನುಡಿಸುವವರು. ಒಮ್ಮೆ ಅವರ ಹೆಂಡತಿ ಗೋಡೆಯ ಮೇಲಿದ್ದ ಐಫೆಲ್ ಗೋಪುರದ ಚಿತ್ರಕ್ಕೆ ಗಾಂಗ್ ಹೊಡೆದ ಹಾಗೆ ಕೈ ಬೀಸಿ ‘ಬಾಂಗ್’ ಅಂದರು. ತಮಾಷೆಗೆ ಅಂದದ್ದು ಬರ್ಟೊಲೊಝಿಯವರ ತಲೆಯಲ್ಲಿ ಕೂತುಬಿಟ್ಟಿತು. ಪ್ಯಾರಿಸ್ ದೂರ, ಆದರೆ ಹಡ್ಸನ್ ನದಿಯ ಮೇಲಿನ ಮಿಡ್-ಹಡ್ಸನ್ ಸೇತುವೆ ಹತ್ತಿರದಲ್ಲೇ ಇತ್ತು. 1930ರಲ್ಲಿ ತೆರೆದ ತೂಗುಸೇತುವೆ ಅದು. ಅದರ ಕಟಕಟೆ, ತೂಗುಹಗ್ಗ, ತೊಲೆಗಳನ್ನೆಲ್ಲ ಬಡಿದು, ಆ ಸದ್ದುಗಳನ್ನು ಜೋಡಿಸಿ, 2009ರಲ್ಲಿ ‘ಬ್ರಿಡ್ಜ್ ಮ್ಯೂಸಿಕ್’ ಹೊರತಂದರು. ಸೇತುವೆಯ ಮೇಲೆ ನಡೆಯುವವರು ಅಲ್ಲೇ ನಿಂತು ಅದನ್ನು ಕೇಳುವ ವ್ಯವಸ್ಥೆಯೂ ಆಯಿತು. 2013ರಲ್ಲಿ ಐಫೆಲ್ ಗೋಪುರಕ್ಕೇ ಹೋದರು. ಹತ್ತು ಸಾವಿರಕ್ಕೂ ಹೆಚ್ಚು ಸದ್ದು ಹಿಡಿದು, ಅದರಲ್ಲಿ ಸುಮಾರು 2,800 ಆರಿಸಿಕೊಂಡರು. ‘ಟವರ್ ಮ್ಯೂಸಿಕ್’ ಬಂದದ್ದು 2016ರಲ್ಲಿ.

ನನಗೆ ಇಷ್ಟವಾಗುವುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಗೋಪುರದ ಸದ್ದು ಬಿಟ್ಟು ಬೇರೆ ಸದ್ದು ಇಲ್ಲ. ಕಂಪ್ಯೂಟರಿನಲ್ಲಿ ಅದಕ್ಕೆ ಬಣ್ಣ ಹಚ್ಚುವುದೂ ಇಲ್ಲ.

ಇದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ ಸ್ವಲ್ಪ ಲೆಕ್ಕ ನೋಡಬೇಕು. ತಂತಿಯನ್ನು ಮೀಟಿದರೆ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಸ್ವರಗಳೂ ಏಳುತ್ತವೆ. ಅವು ಒಂದಕ್ಕೊಂದು ಹೊಂದುತ್ತವೆ. ತಂಬೂರಿಯ ಇಂಪು ಬರುವುದು ಅಲ್ಲಿಂದ. ಕಬ್ಬಿಣದ ಪಟ್ಟಿ ಹಾಗಲ್ಲ. ಎರಡೂ ತುದಿ ಬಿಡಿಯಾಗಿರುವ ಪಟ್ಟಿಯನ್ನು ಹೊಡೆದರೆ ಮುಂದಿನ ಸ್ವರಗಳು 2.76 ಪಟ್ಟು, 5.4 ಪಟ್ಟು, ಹೀಗೆ ಬರುತ್ತವೆ. ಯಾವ ಶ್ರುತಿಗೂ ಸುಲಭವಾಗಿ ಕೂರುವುದಿಲ್ಲ. ಇನ್ನು ಗೋಪುರದಲ್ಲಿ ಯಾವ ಪಟ್ಟಿಯೂ ಬಿಡಿಯಾಗಿ ಇರುವುದೇ ಇಲ್ಲ. ಐಫೆಲ್‌ನಲ್ಲಿ 18,038 ಕಬ್ಬಿಣದ ಭಾಗಗಳಿವೆ, ಅವನ್ನು ಹಿಡಿದಿರುವ ರಿವೆಟ್‌ಗಳು 25 ಲಕ್ಷ. ಒಂದನ್ನು ತಟ್ಟಿದರೆ ಅಕ್ಕಪಕ್ಕದವೂ ಬಾಯಿ ಹಾಕುತ್ತವೆ.

ಸುಮ್ನೆ ಎಲ್ಲವನ್ನೂ ಪಿಯಾನೊದ ಮನೆಗಳಿಗೆ ಎಳೆದು ಕೂರಿಸಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಅದು ಎರಡು ನಿಮಿಷದ ಕೆಲಸ. ಆದರೆ ಹಾಗೆ ಮಾಡಿದರೆ ಸೇತುವೆ ಹೋಗಿ ಪಿಯಾನೊ ಉಳಿಯುತ್ತದೆ. ಸೇತುವೆ ಕೊಟ್ಟ ಸ್ವರಗಳಲ್ಲೇ ರಾಗ ಹುಡುಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಕಡೆ ಮಾತ್ರ ನಾನು ಸಡಿಲ ಬಿಡುತ್ತೇನೆ. ದೊಡ್ಡ ರಚನೆಯ ನಿಜವಾದ ಮೂಲ ಸ್ವರ ನಮ್ಮ ಕಿವಿಗೆ ಸಿಗುವುದೇ ಇಲ್ಲ. ಪಟ್ಟಿಯ ದಪ್ಪ ಅಷ್ಟೇ ಇಟ್ಟು ಉದ್ದ ಎರಡರಷ್ಟು ಮಾಡಿದರೆ ಸ್ವರ ಎರಡು ಸ್ಥಾಯಿ ಕೆಳಗೆ ಇಳಿಯುತ್ತದೆ. ಹೀಗೆ ಇಳಿಯುತ್ತಾ ಹೋದರೆ ಇಡೀ ಸೇತುವೆ ಸೆಕೆಂಡಿಗೆ ಒಂದು ಸಲವೋ, ಅದಕ್ಕಿಂತ ಕಡಿಮೆಯೋ ತೂಗುತ್ತಿರುತ್ತದೆ. ಸೆಕೆಂಡಿಗೆ 20 ಸಲಕ್ಕಿಂತ ಕಡಿಮೆಯಾದರೆ ನಮಗೆ ಅದು ಸ್ವರವಾಗಿ ಕೇಳಿಸದು. ಆಗ ರೆಕಾರ್ಡಿಂಗನ್ನು ವೇಗವಾಗಿ ಓಡಿಸಬೇಕು. ವೇಗ ಎರಡರಷ್ಟಾದ ಪ್ರತಿ ಸಲ ಒಂದು ಸ್ಥಾಯಿ ಮೇಲೇರುತ್ತದೆ, ಸ್ವರಗಳ ನಡುವಿನ ಅಂತರ ಕೆಡುವುದಿಲ್ಲ. ಸೇತುವೆಯ ಮಾತು ಹಾಗೇ ಇರುತ್ತದೆ, ನಮ್ಮ ಕಿವಿಗೆ ಎಟುಕುವ ಹಾಗೆ ಎತ್ತಿಕೊಂಡಿರುತ್ತೇವೆ.

ಬಡಿಯದೆ ಕೇಳುವವರೂ ಇದ್ದಾರೆ. ಅಮೆರಿಕದ ಧ್ವನಿ ಕಲಾವಿದ ಬಿಲ್ ಫೊಂಟಾನಾ 2006ರಲ್ಲಿ ಲಂಡನ್ನಿನ ಮಿಲೇನಿಯಮ್ ಸೇತುವೆಗೆ ಕಂಪನ ಹಿಡಿಯುವ ಸಾಧನಗಳನ್ನು ಕೂರಿಸಿದರು. ಜನರ ಹೆಜ್ಜೆ ಮತ್ತು ಗಾಳಿಯಿಂದ ಉಕ್ಕಿನ ಹಗ್ಗಗಳಲ್ಲಿ ಏಳುವ ಸದ್ದು ಅದೇ ಹೊತ್ತಿಗೆ ಪಕ್ಕದ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದೊಳಗೆ ಕೇಳಿಸುತ್ತಿತ್ತು. ಇದೇ ಸೇತುವೆ 2000ದಲ್ಲಿ ತೆರೆದ ಎರಡೇ ದಿನಕ್ಕೆ ಮುಚ್ಚಿತ್ತು. ನಡೆಯುವವರ ಹೆಜ್ಜೆಗೆ ಅದು ಪಕ್ಕಕ್ಕೆ ಓಲಾಡಿತು, ಓಲಾಟಕ್ಕೆ ಜನರ ಹೆಜ್ಜೆಯೂ ಹೊಂದಿಕೊಂಡಿತು. ಲಯ ಕೂಡಿತು, ಓಲಾಟ ಹೆಚ್ಚಿತು. ಓಲಾಟ ತಗ್ಗಿಸುವ ಡ್ಯಾಂಪರ್‌ಗಳನ್ನು ಹಾಕಿ 2002ರಲ್ಲಿ ಮತ್ತೆ ತೆರೆದರು. ಎಂಜಿನಿಯರ್‌ಗಳು ಅಡಗಿಸಿದ ಮೇಲೂ ಉಳಿದಿದ್ದ ಸಣ್ಣ ಮಿಡಿತವನ್ನು ಫೊಂಟಾನಾ ಕೇಳಿಸಿದರು.

ಹಾಗಂತ ಎಂಜಿನಿಯರ್‌ಗಳು ಕೇಳುವುದಿಲ್ಲ ಅಂತಲ್ಲ. ಸೇತುವೆಯ ಹಗ್ಗ ಎಷ್ಟು ಬಿಗಿಯಾಗಿದೆ ಅಂತ ತಿಳಿಯಲು ಅವರೂ ಅದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅಂತ ಅಳೆಯುತ್ತಾರೆ. ವೀಣೆಯ ಬಿರಟೆ ತಿರುಗಿಸುವವರು ಕಿವಿಯಲ್ಲಿ ಮಾಡುವ ಲೆಕ್ಕವೇ ಅದು.

ಈಗ ದೀಪ ಆರಿಸುತ್ತೇವೆ. ನಾನು ಹೇಳಿದ ಆ ಸೇತುವೆಯ ಸದ್ದುಗಳಿಂದಲೇ ಕಟ್ಟಿದ ನಾಲ್ಕು ನಿಮಿಷದ ತುಣುಕು ಇದೆ. ಶುರುವಿನಲ್ಲಿ ತುಂಬಾ ಹೊತ್ತು ಏನೂ ಇಲ್ಲ ಅನಿಸಬಹುದು. ಸ್ವಲ್ಪ ಕಾಯಿರಿ. ಆ ಲಾರಿ ಆಗಲೇ ಸೇತುವೆ ಹತ್ತಿದೆ.