ಕೋಡಿ ಇಲ್ಲದ ಕೆರೆ

(ಕೋಲಾರದಲ್ಲಿ 6ರಿಂದ 8ನೇ ತರಗತಿಯ ಗಣಿತ ಶಿಕ್ಷಕರ ಮುಂದೆ ಮೇ ಕೊನೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನನಗೆ 40 ನಿಮಿಷ ಕೊಟ್ಟಿದ್ದಾರೆ. ಸರಿಯಾಗಿ ಒಂದು ಪೀರಿಯಡ್ಡು. ಹಾಜರಿ ತೆಗೆಯೋದಿಲ್ಲ, ಹಿಂದಿನ ಸಾಲಿನವರು ನಿಶ್ಚಿಂತೆಯಿಂದ ಟೀ ಕುಡಿಯಬಹುದು.

ಇನ್ನು ನಾಲ್ಕು ದಿನಕ್ಕೆ ಶಾಲೆ ಶುರು. ವಾರ್ಷಿಕ ಪಾಠ ಹಂಚಿಕೆ ಬರೆದು ಹೆಡ್‌ಮಾಸ್ಟರ ಸಹಿ ಹಾಕಿಸಬೇಕು. ಹೇಗೆ ಬರೀತೀವಿ? ಹೋದ ವರ್ಷದ್ದನ್ನು ಪಕ್ಕದಲ್ಲಿ ಇಟ್ಟುಕೊಂಡು. ನಗಬೇಡಿ, ನಾನೂ ಹಾಗೇ ಬರೆದವನು. ಒಂದು ವರ್ಷ ಇಸವಿ ಮಾತ್ರ ತಿದ್ದಿ, ಉಳಿದ ತಾರೀಖೆಲ್ಲ ಹಾಗೇ ಇಳಿಸಿದ್ದೆ. ಶನಿವಾರದ ಪಾಠಗಳೆಲ್ಲ ಭಾನುವಾರಕ್ಕೆ ಬಿದ್ದಿದ್ದವು! 365ನ್ನು 7ರಿಂದ ಭಾಗಿಸಿದರೆ ಶೇಷ 1. ಗಣಿತದ ಮೇಷ್ಟ್ರಿಗೇ ಅದು ಹೊಳೆಯಲಿಲ್ಲ. ಅದಕ್ಕೂ ಸಹಿ ಬಿತ್ತು, ಸೀಲೂ ಬಿತ್ತು. ಅಂದರೆ ಬರೆದವನೂ ಓದಿರಲಿಲ್ಲ, ಸಹಿ ಹಾಕಿದವರೂ ಓದಿರಲಿಲ್ಲ. ಯಾರೂ ಓದದ ಕಾಗದವನ್ನು ಅಷ್ಟು ಚೆಂದದ ಅಕ್ಷರದಲ್ಲಿ ಯಾಕೆ ಬರೀಬೇಕು?

ಮೊದಲು ದಿನಗಳ ಲೆಕ್ಕ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೀಬೇಕು ಅನ್ನುತ್ತದೆ. ನಾವು ಆ 220 ದಿನವೂ ಕೈಲಿದೆ ಅಂದುಕೊಂಡು ಹಂಚಿಬಿಡ್ತೀವಿ. ಅದರಲ್ಲೇ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧ, ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ನಿಮಗೆ ತರಬೇತಿ, ಅದರ ಮೇಲೆ ಮತದಾರರ ಪಟ್ಟಿ ಕೆಲಸ. ಒಂದು ವರ್ಷ ನಿಜವಾಗಿ ಪಾಠ ಮಾಡಿದ ಪೀರಿಯಡ್ಡುಗಳಿಗೆ ಮಾತ್ರ ಡೈರಿಯಲ್ಲಿ ಗೆರೆ ಎಳೆದುಕೊಂಡು ಬಂದೆ. ಕೊನೆಗೆ ಎಣಿಸಿದರೆ 160 ಮುಟ್ಟಲಿಲ್ಲ.

ನಮ್ಮ ಕಡೆ ಕೆರೆ ಕಟ್ಟಿದವರು ಕೋಡಿ, ಅಂದರೆ ಹೆಚ್ಚಾದ ನೀರು ಹರಿದುಹೋಗುವ ದಾರಿ, ಬಿಡದೆ ಕಟ್ಟಲಿಲ್ಲ. ನಾವು ಏರಿಯ ಅಂಚಿನ ತನಕ ನೀರು ನಿಲ್ಲಿಸುವ ಲೆಕ್ಕ ಹಾಕ್ತೀವಿ. ಆಗಸ್ಟ್‌ನಲ್ಲಿ ಒಂದು ಕ್ರೀಡಾಕೂಟ ಬಂದರೆ ಏರಿ ಒಡೀತು. ಒಡೆದದ್ದು ಕಾಣುವುದು ಫೆಬ್ರವರಿಯಲ್ಲಿ, ಎರಡು ಅಧ್ಯಾಯ ನಾಲ್ಕು ದಿನದಲ್ಲಿ ಮುಗಿಸುವಾಗ. ಅದಕ್ಕೇ ಹೇಳೋದು: ವರ್ಷದಲ್ಲಿ ನಾಲ್ಕು ವಾರ ಖಾಲಿ ಬಿಡಿ. ಜುಲೈ ಕೊನೆ ಒಂದು, ದಸರಾ ರಜೆಗೆ ಮುಂಚೆ ಒಂದು, ಡಿಸೆಂಬರ್‌ನಲ್ಲಿ ಒಂದು, ಫೆಬ್ರವರಿಯಲ್ಲಿ ಒಂದು. ಖಾಲಿ ಅಂದರೆ ಖಾಲಿ. ‘ಪುನರಾವರ್ತನೆ’ ಅಂತಲೂ ಬರೀಬೇಡಿ.

ಈ ಖಾಲಿ ವಾರದ ಬುದ್ಧಿ ನನಗೆ ಬಂದದ್ದು ಒಬ್ಬ ಹುಡುಗನಿಂದ. ಶ್ರೀನಿವಾಸಪುರದ ಕಡೆ ಒಂದು ಹಳ್ಳಿ. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಹುಡುಗ ಏಳನೇ ಕ್ಲಾಸು. ಅವರಪ್ಪನ ಜೊತೆ ಟೊಮೇಟೊ ಬಾಕ್ಸು ಏರಿಸಿಕೊಂಡು ಬೆಳಗಿನ ಜಾವವೇ ಕೋಲಾರ ಮಂಡಿಗೆ ಹೋಗಿ, ವಾಪಸ್ ಬಂದು ಎರಡನೇ ಪೀರಿಯಡ್ಡಿಗೆ ಕೂರುವವನು. ತೂಕಡಿಸುತ್ತಿದ್ದ, ನಾನೂ ಬಿಟ್ಟುಬಿಡುತ್ತಿದ್ದೆ. ಜುಲೈನಲ್ಲಿ ಭಿನ್ನರಾಶಿಗೆ 12 ಪೀರಿಯಡ್ ಇಟ್ಟಿದ್ದೆ. ಹನ್ನೆರಡೂ ಮಾಡಿದೆ, ‘ಪೂರ್ಣಗೊಂಡಿದೆ’ ಅಂತ ಬರೆದೆ. ನವೆಂಬರ್‌ನಲ್ಲಿ ಶೇಕಡಾ ಶುರು ಮಾಡಿ, ಸುಮ್ನೆ ನೆನಪಿಸೋಣ ಅಂತ ಬೋರ್ಡಿನ ಮೇಲೆ 3/4 + 1/2 ಬರೆದೆ. ಇವನು ಎದ್ದು ಬಂದು 4/6 ಅಂತ ಬರೆದ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅರ್ಧ ಕ್ಲಾಸು ಹೌದು ಅಂತ ತಲೆ ಆಡಿಸಿತು.

ಬೈಯಬೇಕು ಅನ್ನಿಸಿತು. ಬೈಯಲಿಲ್ಲ. “ಮುಕ್ಕಾಲು ಕೆಜಿ ಹಾಕಿದೀನಿ ಕಣೋ, ಇನ್ನೊಂದು ಅರ್ಧ ಕೆಜಿ ಹಾಕ್ತೀನಿ, ಎಷ್ಟಾಯ್ತು?” ಅಂದೆ. ನನ್ನ ಮಾತು ಮುಗಿಯುವ ಮೊದಲೇ, ಸೀಮೆಸುಣ್ಣ ಕೈಲಿ ಹಿಡಿದುಕೊಂಡೇ, “ಒಕಟಿಂಪಾವು ಸಾರ್” ಅಂದ. ಒಂದೂಕಾಲು. “ಮತ್ತೆ ಬೋರ್ಡ್ ಮೇಲೆ ಏನು ಬರೆದಿದೀಯ?” ತಿರುಗಿ ನೋಡಿದ. “ಅದು ಲೆಕ್ಕ ಸಾರ್.”

ಅದು ಲೆಕ್ಕ. ಮಂಡಿಯದ್ದು ಲೆಕ್ಕ ಅಲ್ಲ! 4/6 ಅಂದರೆ ಮುಕ್ಕಾಲಿಗಿಂತ ಕಡಿಮೆ. ಮುಕ್ಕಾಲು ಕೆಜಿಗೆ ಅರ್ಧ ಕೆಜಿ ಹಾಕಿದ ಮೇಲೆ ತಕ್ಕಡಿ ಮೇಲಕ್ಕೆ ಹೋಯಿತು ಅಂದರೆ ಮಂಡಿಯಲ್ಲಿ ಅವನು ಜಗಳಕ್ಕೇ ನಿಲ್ಲುತ್ತಿದ್ದ. ನನ್ನ ಬೋರ್ಡಿನ ಮುಂದೆ ಮಾತ್ರ ಒಪ್ಪಿಕೊಂಡ. ಅವತ್ತು ಶೇಕಡಾ ಮುಚ್ಚಿ ಭಿನ್ನರಾಶಿಗೆ ವಾಪಸ್ ಹೋಗಬೇಕಿತ್ತು. ಹೋಗಲು ನನ್ನ ಹತ್ತಿರ ದಿನ ಇರಲಿಲ್ಲ. ಕೋಡಿ ಇರಲಿಲ್ಲ ನೋಡಿ.

ನಮ್ಮ ಅಜ್ಜಂದಿರು ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಬಾಯಿಪಾಠ ಹೇಳುತ್ತಿದ್ದರು. ಅರೆಕಾಲು, ವೀಸ ಅಂತ ಎಂಟನೇ ಒಂದಕ್ಕೂ ಹದಿನಾರನೇ ಒಂದಕ್ಕೂ ಹೆಸರಿಟ್ಟಿದ್ದರು. ಮಗ್ಗಿ ವಾಪಸ್ ತನ್ನಿ ಅನ್ನುತ್ತಿಲ್ಲ. ಭಿನ್ನರಾಶಿಯನ್ನು ಜುಲೈನಲ್ಲಿ ಹೂತುಬಿಡಬೇಡಿ, ಅಷ್ಟೇ. ಜುಲೈಗೆ 7 ಪೀರಿಯಡ್ ಸಾಕು. ಉಳಿದ ಐದನ್ನು ಹತ್ತತ್ತು ನಿಮಿಷವಾಗಿ ಒಡೆದರೆ 20 ಶುಕ್ರವಾರಕ್ಕೆ ಆಗುತ್ತದೆ. ಕಾಲುವೆ ಬಿಟ್ಟು ಡ್ರಿಪ್ ಹಾಕಿದ ಹಾಗೆ. ಇಲ್ಲಿ ಅರ್ಧ ಜನ ರೈತರ ಮಕ್ಕಳೇ, ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇದು, ಅಧ್ಯಾಯಗಳ ಸಾಲು. ದತ್ತಾಂಶದ ಪಾಠ ಹಿಂದಕ್ಕೆ ಬಿದ್ದರೆ ಫೆಬ್ರವರಿಯಲ್ಲಿ ಸಾಯುತ್ತದೆ. ಅದನ್ನು ಜೂನ್‌ನಲ್ಲೇ ಗೋಡೆಗೆ ಅಂಟಿಸಿ. ಒಂದು ಗ್ರಾಫ್ ಹಾಳೆ, ದಿನಕ್ಕೊಂದು ಚುಕ್ಕೆ, 15 ಕೆಜಿ ಟೊಮೇಟೊ ಬಾಕ್ಸಿನ ರೇಟು. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿದ್ದು ನಿಮಗೆಲ್ಲ ನೆನಪಿದೆ ಅಲ್ವಾ? ಒಂದು ಲೆಕ್ಕ ಕೇಳ್ತೀನಿ. 300 ಇದ್ದದ್ದು 2,100 ಆಯ್ತು, ಶೇಕಡಾ ಎಷ್ಟು ಜಾಸ್ತಿ? ...700 ಅಂದವರು ಯಾರು? ಏಳು ಪಟ್ಟು ಆಯಿತು, ನಿಜ. ಜಾಸ್ತಿ ಆದದ್ದು 600. ಈಗ 2,100 ಇದ್ದದ್ದು ವಾಪಸ್ 300ಕ್ಕೆ ಬಿತ್ತು. ಇಳಿದದ್ದು ಶೇಕಡಾ 86ರ ಹತ್ತಿರ. ಅದೇ 1,800 ರೂಪಾಯಿ, ಏರುವಾಗ 600, ಇಳಿಯುವಾಗ 86. ಯಾಕೆ ಅಂತ ಮಕ್ಕಳು ಕಿತ್ತಾಡಲಿ. ಆ ಕಿತ್ತಾಟಕ್ಕೆ ಎರಡು ಪೀರಿಯಡ್ ಬೇಕು. ಅದು ಎಲ್ಲಿಂದ ಬರಬೇಕು? ಕೋಡಿಯಿಂದ. ಹ್ಞಾಂ, ನೀವೇ ಹೇಳಿದಿರಿ.

ಪೂರ್ಣಾಂಕ ಶುರು ಮಾಡುವಾಗ ಉದಾಹರಣೆಗೆ ಶಿಮ್ಲಾ, ಶ್ರೀನಗರದ ಚಳಿ ಬರುತ್ತದೆ. ನಮ್ಮ ಹುಡುಗರು ಸೊನ್ನೆ ಡಿಗ್ರಿ ಕಂಡದ್ದು ಫ್ರಿಜ್ಜಿನೊಳಗೆ. ಸೊನ್ನೆಯ ಕೆಳಗೆ ಏನಿದೆ ಅಂತ ಕೋಲಾರದವರಿಗೆ ಬೇರೆಯವರು ಹೇಳಬೇಕೇ? ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಷ್ಟು ದೂರ ಯಾಕೆ, ಊರಿನ ಬೋರ್‌ವೆಲ್ ತಗೊಳ್ಳಿ. ನೆಲ ಸೊನ್ನೆ, 1,200 ಅಡಿ ಕೊರೆದರೆ −1,200. ನೀರು −900ರಲ್ಲಿ ಸಿಕ್ಕಿತು. ಯಾವುದು ದೊಡ್ಡದು, −900ಓ −1,200ಓ? ಬೋರ್‌ಗೆ ದುಡ್ಡು ಕೊಟ್ಟವರ ಮಗಳು ತಪ್ಪು ಹೇಳಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಸಮೀಕರಣದ ಬಗ್ಗೆ ನಾಲ್ಕು ಪುಟ ತಂದಿದ್ದೆ, ಬಿಡಿ. ರೇಖಾಗಣಿತದ ಬಗ್ಗೆ ಒಂದೇ ಮಾತು: ಕೈವಾರ, ಕೋನಮಾಪಕ ಜೂನ್‌ನಲ್ಲೇ ಎಣಿಸಿಕೊಳ್ಳಿ. ಪಾಠದ ದಿನ ಎಣಿಸಿದರೆ ಮೂವತ್ತು ಮಕ್ಕಳಿಗೆ ಆರು ಸಿಗುತ್ತವೆ. ಪರೀಕ್ಷೆಯ ವಿಷಯ ಸಾಹೇಬರು ಮಧ್ಯಾಹ್ನ ಹೇಳ್ತಾರೆ, ನನಗಿಂತ ಚೆನ್ನಾಗಿ ಹೇಳ್ತಾರೆ.

ಖಾಲಿ ವಾರ ಬಿಟ್ಟರೆ ಮೇಲಿನವರು ಕೇಳಲ್ವಾ ಅಂತ ಆ ಮೇಡಂ ಆಗಲೇ ಕೈ ಎತ್ತಿದ್ದರು. ಕೇಳ್ತಾರೆ ಮೇಡಂ. ಡೈರಿ ತೋರಿಸಿ. ಹೋದ ವರ್ಷ ನಿಜವಾಗಿ ನಡೆದ ಪೀರಿಯಡ್ಡುಗಳ ಗೆರೆಗಳನ್ನು ಎಣಿಸಿ ತೋರಿಸಿ.

ಇನ್ನೊಂದು ಚೀಟಿ ಬಂತು. ಊಟಕ್ಕೆ ಮಾವಿನ ಹಣ್ಣಿನ ಸೀಕರಣೆ ಇದೆಯಂತೆ, ನಾನೂ ತಡ ಮಾಡಲ್ಲ. ನಿಮ್ಮ ಫೈಲಿನಲ್ಲಿ ಕ್ಯಾಲೆಂಡರಿನ ಹಾಳೆ ಇಟ್ಟಿದ್ದಾರೆ. ಏಳುವ ಮುಂಚೆ ಆ ನಾಲ್ಕು ವಾರಕ್ಕೆ ಸುತ್ತು ಹಾಕಿ. ಪೆನ್ನು ಬೇಡ, ಪೆನ್ಸಿಲ್ಲಿನಲ್ಲಿ ಹಾಕಿ.